ಮಿದುಳಿನೊಳಗಿನ ಘಾಟಿರಸ್ತೆ



ರಸ್ತೆಯ ಬೆಲೆ ಏನೆಂಬುದನ್ನು ಮಲೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು. ಮೇಲೆ ಕೊಟ್ಟಿಗೆಹಾರ ಇದ್ದಲ್ಲೇ ಇತ್ತು. ಕೆಳಗೆ ಉಜಿರೆಯೂ ಇದ್ದಲ್ಲೇ ಇತ್ತು. ನಡುವಣ ದಾರಿ ಮಾತ್ರ ಇಲ್ಲವಾಯಿತು. ಬಸ್ಸು ನಿಂತಿತು, ಸಾಮಾನು ನಿಂತಿತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಸುತ್ತುದಾರಿ ಹಿಡಿದರು. ಊರುಗಳು ಉಳಿದರೂ ದಾರಿ ಕೆಟ್ಟರೆ ವ್ಯವಹಾರ ನಿಲ್ಲುತ್ತದೆ. ನಮ್ಮ ತಲೆಯೊಳಗಿನ ಸಂಗತಿಯೂ ಹೀಗೆಯೆ. ಆ ದಾರಿಗಳ ವಿಚಾರವಾಗಿ ಈಗ ನಾಲ್ಕು ಮಾತು ಹೇಳುತ್ತೇನೆ.

ಮಿದುಳನ್ನು ಕೊಯ್ದು ನೋಡಿದರೆ ಎರಡು ಬಣ್ಣ ಕಾಣುತ್ತದೆ. ಹೊರಗೆ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಬೂದು ಪದರ. ಒಳಗೆ ಬೆಳ್ಳಗಿನ ಭಾಗ. ಈ ವ್ಯತ್ಯಾಸವನ್ನು 1543ರಷ್ಟು ಹಿಂದೆಯೇ ವೆಸೇಲಿಯಸ್ ತನ್ನ ಶರೀರರಚನೆಯ ಗ್ರಂಥದಲ್ಲಿ ಗುರುತಿಸಿದ್ದಾನೆ. ಬೂದುಭಾಗದಲ್ಲಿ ನರಕೋಶಗಳ ವಾಸ, ಅವು ಊರುಗಳೆನ್ನೋಣ. ಬಿಳಿಯ ಭಾಗವೆಲ್ಲ ಆ ಊರಿನಿಂದ ಊರಿಗೆ ಹೋಗುವ ನರತಂತುಗಳು. ತಂತುವಿನ ಸುತ್ತ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಇರುವುದರಿಂದಲೇ ಆ ಬಿಳುಪು. ಹೊದಿಕೆಯಿಲ್ಲದ ತಂತುವಿನಲ್ಲಿ ಸುದ್ದಿಯು ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ, ದಪ್ಪ ಹೊದಿಕೆಯುಳ್ಳ ತಂತುವಿನಲ್ಲಿ ನೂರು ಮೀಟರಿನವರೆಗೂ ಓಡಬಲ್ಲದು. ಇಪ್ಪತ್ತು ವರ್ಷದ ಒಬ್ಬ ವ್ಯಕ್ತಿಯ ಮಿದುಳಿನಲ್ಲಿರುವ ಇಂಥ ತಂತುಗಳನ್ನು ಸಾಲಾಗಿ ಜೋಡಿಸಿದರೆ ಒಂದೂವರೆ ಲಕ್ಷದಿಂದ ಒಂದೂ ಮುಕ್ಕಾಲು ಲಕ್ಷ ಕಿಲೋಮೀಟರ್ ಆಗುತ್ತದೆಂದು ಲೆಕ್ಕ. ಭೂಮಿಗೆ ಸುಮಾರು ನಾಲ್ಕು ಸುತ್ತು!

ಈ ದಾರಿಗಳಲ್ಲಿ ಮೂರು ಬಗೆ. ಮೊದಲನೆಯವು ಮಿದುಳಿನ ಒಂದೇ ಹೋಳಿನೊಳಗೆ ಓಡಾಡುವಂಥವು. ಇವುಗಳಲ್ಲಿ ಕೆಲವು ಪಕ್ಕದ ತೋಟಕ್ಕೆ ಹೋಗುವ ಕಾಲುದಾರಿಯಂತೆ ಬಲು ಗಿಡ್ಡ, ಕೆಲವು ಉದ್ದ. ಕಿವಿಗೆ ಬಿದ್ದ ಮಾತನ್ನು ತಿಳಿಯುವ ಭಾಗಕ್ಕೂ ಮಾತನ್ನು ಹೊರಡಿಸುವ ಭಾಗಕ್ಕೂ ನಡುವೆ ಬಿಲ್ಲಿನಂತೆ ಬಾಗಿದ ಒಂದು ತಂತುಕಟ್ಟು ಉಂಟು. ಎರಡನೆಯ ಬಗೆ, ಎಡಹೋಳಿಗೂ ಬಲಹೋಳಿಗೂ ಹಾಕಿದ ಸೇತುವೆ. ಕಾರ್ಪಸ್ ಕಲೋಸಮ್ ಎಂಬ ಈ ಸೇತುವೆಯಲ್ಲಿ ಸುಮಾರು ಇಪ್ಪತ್ತು ಕೋಟಿ ತಂತುಗಳಿವೆ. ಮೂರನೆಯ ಬಗೆಯೇ ಘಾಟಿರಸ್ತೆ: ಮೇಲಿನ ಮಿದುಳಿಗೂ ಕೆಳಗಿನ ಬೆನ್ನುಹುರಿಗೂ ಸಂಪರ್ಕ ಕಲ್ಪಿಸುವಂಥದು.

ಕೈಕಾಲಿಗೆ ಅಪ್ಪಣೆ ಒಯ್ಯುವ ತಂತುಗಳು ಮೇಲ್ಪದರದ ವಿಸ್ತಾರವಾದ ಪ್ರದೇಶದಿಂದ ಬೀಸಣಿಗೆಯ ಕಡ್ಡಿಗಳಂತೆ ಹೊರಟು, ಕೆಳಗಿಳಿಯುತ್ತ ಒಂದು ಇಕ್ಕಟ್ಟಾದ ಕಣಿವೆಯಲ್ಲಿ ಒತ್ತೊತ್ತಾಗಿ ಸೇರುತ್ತವೆ. ವೈದ್ಯರು ಇದನ್ನು ಇಂಟರ್ನಲ್ ಕ್ಯಾಪ್ಸೂಲ್ ಎನ್ನುತ್ತಾರೆ. ಅಲ್ಲಿಂದ ಮುಂದೆ, ಮಿದುಳು ಬೆನ್ನುಹುರಿಯನ್ನು ಕೂಡುವ ಎಡೆಯಲ್ಲಿ, ಹತ್ತರಲ್ಲಿ ಎಂಟೊಂಬತ್ತು ಪಾಲು ತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ನಮ್ಮ ಬಲಗೈಯನ್ನು ಆಳುವುದು ಎಡಮಿದುಳು ಎಂಬ ಮಾತಿಗೆ ಇದೇ ಕಾರಣ.

ಇವನ್ನೆಲ್ಲ ಕಂಡುಕೊಂಡದ್ದು ಹೇಗೆ? ಹಸಿ ಮಿದುಳು ಬೆಣ್ಣೆಯಷ್ಟು ಮೃದು. ತಂತುಗಳನ್ನು ಬಿಡಿಸಹೋದರೆ ಕಲಸಿಹೋಗುತ್ತದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯೋಸೆಫ್ ಕ್ಲಿಂಗ್ಲರ್ ಒಂದು ಉಪಾಯ ಹೂಡಿದರು. ಫಾರ್ಮಲಿನ್‌ನಲ್ಲಿಟ್ಟು ಗಟ್ಟಿಮಾಡಿದ ಮಿದುಳನ್ನು ಹೆಪ್ಪುಗಟ್ಟಿಸಿದರೆ ತಂತುಗಳ ನಡುವೆ ಮಂಜಿನ ಹರಳು ಬೆಳೆದು ಅವುಗಳನ್ನು ಬೇರೆಬೇರೆ ಮಾಡುತ್ತದೆ. ಆಮೇಲೆ ಮರದ ಚಮಚದಂಥ ಉಪಕರಣದಿಂದ ಎಳೆಎಳೆಯಾಗಿ ಬಿಡಿಸಬಹುದು. ಈಗ ಎಂ.ಆರ್.ಐ. ಯಂತ್ರವು ತಂತುಗಳ ಉದ್ದಕ್ಕೆ ನೀರಿನ ಕಣಗಳು ಚಲಿಸುವ ದಿಕ್ಕನ್ನು ಹಿಡಿದು, ಬದುಕಿರುವವರ ಮಿದುಳಿನ ದಾರಿಗಳನ್ನೂ ಚಿತ್ರಿಸಿಕೊಡುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಿದುಳಿನ ಭಂಡಾರವೊಂದು ಆರಂಭವಾಯಿತು. ಬಂಧುಗಳ ಒಪ್ಪಿಗೆಯಿಂದ ದಾನವಾಗಿ ಬಂದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಜನಸಾಮಾನ್ಯರೂ ಮಿದುಳನ್ನು ಕಣ್ಣಾರೆ ನೋಡಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊಯ್ಲಿನ ದಿನ ಕಣದಲ್ಲಿ ಕಾಫಿ ಹರಡುತ್ತಿದ್ದವರ ಕೈ ಇದ್ದಕ್ಕಿದ್ದಂತೆ ಸೋಲುತ್ತದೆ, ಬಾಯಿ ಒಂದು ಕಡೆ ವಾಲುತ್ತದೆ, ಮಾತು ತೊದಲುತ್ತದೆ. ಮನೆಯವರು ಲಕ್ವ ಹೊಡೆಯಿತೆಂದು ಕೈಗೆ ಎಣ್ಣೆ ತಿಕ್ಕಲು ಕೂರುತ್ತಾರೆ. ಬೆಳಗಾಗಲಿ, ನೋಡೋಣ ಎನ್ನುತ್ತಾರೆ. ಆದರೆ ಕೆಟ್ಟಿರುವುದು ಕೈಯಲ್ಲ, ದಾರಿ. ಆ ಇಕ್ಕಟ್ಟಿನ ಕಣಿವೆಗೆ ರಕ್ತ ಒದಗಿಸುವ ನಾಳಗಳು ದಾರದಷ್ಟು ಸಪೂರ. ಅದರಲ್ಲೊಂದು ಮುಚ್ಚಿಕೊಂಡು ಕಾಫಿಬೀಜದಷ್ಟು ಜಾಗ ಸತ್ತರೂ ಸಾಕು, ಅರ್ಧ ಶರೀರ ನಿಲ್ಲಬಹುದು. ದೊಡ್ಡ ನಾಳವೇ ಮುಚ್ಚಿದರಂತೂ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳೂ 12 ಕಿಲೋಮೀಟರ್ ತಂತುಗಳೂ ನಾಶವಾಗುತ್ತವೆಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಎರಡು ನಿಮಿಷ ಸುಮ್ಮನೆ ಕುಳಿತರೆ, ಹೆಚ್ಚುಕಡಿಮೆ ಇಡೀ ಚಾರ್ಮಾಡಿ ಘಾಟಿಯಷ್ಟು ಉದ್ದದ ದಾರಿ ಹೋದಂತೆ.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳ ಒಡೆದು ರಕ್ತ ಸೋರಿದ್ದರೆ ಅದನ್ನು ಕೊಡುವಂತಿಲ್ಲವಾದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಕಳಸ, ಸಂಸೆಗಳ ಕಡೆಯಿಂದ ದೊಡ್ಡ ಆಸ್ಪತ್ರೆಗೆ ದಾರಿಯೇ ಎರಡು ಗಂಟೆಗೂ ಮಿಕ್ಕದ್ದು. ಹೀಗಿರುವಾಗ ಕಾಯಲು ಹೊತ್ತೆಲ್ಲಿ? ಮುಖ, ಕೈ, ಮಾತು — ಈ ಮೂರರಲ್ಲಿ ಒಂದು ಕೆಟ್ಟರೂ ಗಡಿಯಾರ ನೋಡಿ. ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ. 108ಕ್ಕೆ ಕರೆಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ. ನುಂಗುವ ಶಕ್ತಿ ಕುಂದಿರಬಹುದು. ಆದ್ದರಿಂದ ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಕೈ ಸೋತು ಹತ್ತು ನಿಮಿಷದಲ್ಲಿ ತಾನೇ ಸರಿಹೋಯಿತೆಂದು ನೆಮ್ಮದಿಯಾಗಿರಲೂ ಬೇಡಿ. ಅದು ಮುಂದಿನ ಕುಸಿತದ ಮುನ್ಸೂಚನೆ ಇರಬಹುದು.

ಹೋದ ತಂತು ಮತ್ತೆ ಚಿಗುರುವುದು ದುರ್ಲಭ. ಆದರೆ ಉಳಿದ ತಂತುಗಳು ಅಭ್ಯಾಸದಿಂದ ಒಂದಿಷ್ಟು ಕೆಲಸವನ್ನು ವಹಿಸಿಕೊಳ್ಳುತ್ತವೆ. ಹೆದ್ದಾರಿ ಮುಚ್ಚಿದಾಗ ತೋಟದ ಹಾದಿಗಳು ಬಳಕೆಗೆ ಬರುವಂತೆ. ಆದ್ದರಿಂದ ವೈದ್ಯರು ಹೇಳಿದ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಿಸಬೇಕು. ಮಾತು ತಪ್ಪಿದ ಹಿರಿಯರಿಗೆ ಬುದ್ಧಿಯೂ ಹೋಯಿತೆಂದು ತಿಳಿಯಬಾರದು. ಎಷ್ಟೋ ವೇಳೆ ಅವರಿಗೆ ಎಲ್ಲವೂ ಅರ್ಥವಾಗುತ್ತಿರುತ್ತದೆ. ಮಾತು ಹೊರಗೆ ಬರುವ ದಾರಿ ಮಾತ್ರ ಕಟ್ಟಿರುತ್ತದೆ. ಅವರೆದುರಿಗೇ ಅವರ ವಿಷಯವನ್ನು ಅವರಿಲ್ಲವೆಂಬಂತೆ ಆಡಿಕೊಳ್ಳದಿರೋಣ.

ಘಾಟಿಯ ಗುಡ್ಡವನ್ನು ಕಾಯುವುದು ನಮ್ಮೊಬ್ಬರ ಕೈಯಲ್ಲಿಲ್ಲ. ತಲೆಯೊಳಗಿನ ಘಾಟಿಯನ್ನು ಬಹುಮಟ್ಟಿಗೆ ಕಾಯಬಹುದು. ಅದಕ್ಕೆ ದೊಡ್ಡ ಶತ್ರು ರಕ್ತದೊತ್ತಡ. ವರ್ಷಕ್ಕೊಮ್ಮೆಯಾದರೂ ಅದನ್ನು ಅಳೆಸಿ; ಮಾತ್ರೆ ಬರೆದುಕೊಟ್ಟರೆ ತಪ್ಪದೆ ತೆಗೆದುಕೊಳ್ಳಿ; ಬೀಡಿ, ಹೊಗೆಸೊಪ್ಪುಗಳನ್ನು ದೂರವಿಡಿ. ತೋಟದ ಮನೆಯಲ್ಲಿರುವವರು ಲೈನಿನಲ್ಲಿರುವ ಆಳುಗಳಿಗೂ ಈ ಮಾತನ್ನು ಮುಟ್ಟಿಸಿದರೆ ಉಪಕಾರ.