ಮುಂಬೈನ ಗಾಜಿನ ಕಿಟಕಿಯಲ್ಲಿ ಕೊಡವ ಮದುವೆ



ಹುಡುಗಿ ಕೊಡಗಿನ ಪೊನ್ನಂಪೇಟೆ ಕಡೆಯವಳು, ಹುಡುಗ ಅಮೆರಿಕದ ಪೌರ ಅಂತ ಇಟ್ಟುಕೊಳ್ಳಿ. ಮದುವೆ ಆಯಿತು, ಹುಡುಗ ವಾಪಸ್ ಹೋಗಿ, ಹೆಂಡತಿಯನ್ನು ಕರೆಸಿಕೊಳ್ಳಲು ಐ-130 ಅರ್ಜಿ ಹಾಕಿದ. ಕಾದು ಕಾದು ಕೊನೆಗೆ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಂದರ್ಶನದ ದಿನ ನಿಗದಿಯಾಗುತ್ತದೆ. ಗಂಡ ಜೊತೆಗಿರಲೇಬೇಕೆಂಬ ನಿಯಮ ಅಲ್ಲಿಲ್ಲ. ಗಾಜಿನ ಕಿಟಕಿಯ ಮುಂದೆ ಸಾಮಾನ್ಯವಾಗಿ ಹುಡುಗಿ ಒಬ್ಬಳೇ ನಿಂತಿರುತ್ತಾಳೆ.

ಅಧಿಕಾರಿ ಆಲ್ಬಂ ತಿರುವುತ್ತಾರೆ. ಹೋಮಕುಂಡ ಇಲ್ಲ. ಪುರೋಹಿತರಿಲ್ಲ. ಸಪ್ತಪದಿ ಇಲ್ಲ. ನಮ್ಮ ತಾಳಿಯಾದ ಪತ್ತಾಕ್ ಇದೆ, ಆದರೆ ಅದನ್ನು ಕಟ್ಟುತ್ತಿರುವುದು ಹುಡುಗಿಯ ತಾಯಿ, ವರ ಅಲ್ಲ. ಬೇರೆ ಹಿಂದೂ ಮದುವೆಗಳನ್ನು ನೋಡಿದವರಿಗೆ ಇದು ನಿಶ್ಚಿತಾರ್ಥದ ಹಾಗೆ ಕಂಡರೆ ತಪ್ಪು ಅವರದಲ್ಲ. ತಿಳಿಸಿ ಹೇಳಬೇಕಾದವರು ಕೊಡವರಾದ ನಾವು.

ಕಾನೂನು ನಮ್ಮ ಪರವಾಗಿಯೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಧು ಅಥವಾ ವರನ ಕಡೆಯ ಸಂಪ್ರದಾಯದಂತೆ ನಡೆದ ಮದುವೆ ಮದುವೆಯೇ. ಸಪ್ತಪದಿ ಆ ಪದ್ಧತಿ ಇರುವವರಿಗೆ ಮಾತ್ರ. ಹಾಗಾಗಿ ಒಂದು ಪುಟದಲ್ಲಿ, ಸರಳ ಇಂಗ್ಲಿಷಿನಲ್ಲಿ, ನಿಮ್ಮ ಮದುವೆ ಹೇಗೆ ನಡೆಯಿತು ಅಂತ ಬರೆದು ಆಲ್ಬಂನ ಮೊದಲಿಗೇ ಇಡಿ. ಅದರಲ್ಲಿ ಬರಬೇಕಾದದ್ದು ಇಷ್ಟು: ದೀಪದ ಎದುರು ಕೂತ ವಧುವಿಗೆ ಹಿರಿಯರು ಅಕ್ಕಿ ಹಾಕಿ, ಕಿಂಡಿ ಎಂಬ ಪಾತ್ರೆಯಲ್ಲಿ ಹಾಲು ಕುಡಿಸಿ, ಹಣ ಕೊಟ್ಟು ಹರಸುವುದು. ಆಮೇಲೆ ಸಮ್ಮಂದ ಕೊಡುವುದು.

ಈ ಸಮ್ಮಂದದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಎರಡೂ ಒಕ್ಕದ, ಅಂದರೆ ಮನೆತನದ, ಪರವಾಗಿ ಮಾತಾಡುವ ಅರುವರು ಎದುರುಬದುರು ನಿಲ್ಲುತ್ತಾರೆ, ಪ್ರಶ್ನೆ ಉತ್ತರ ನಡೆಯುತ್ತದೆ. ಹುಡುಗಿಯ ಕಡೆಯ ಅರುವ 11 ಸಣ್ಣ ಕಲ್ಲುಗಳನ್ನು ಒಪ್ಪಿಸುತ್ತಾರೆ. ಗಂಡನ ಮನೆಯಲ್ಲಿ ಅವಳಿಗೆ ಹಕ್ಕು ಬಂತು ಅನ್ನುವುದರ ಗುರುತು ಅದು. ಇನ್ನೊಂದು ಕಲ್ಲು ತವರಿನಲ್ಲೇ ಉಳಿಯುತ್ತದೆ. ಸಂಬಂಧಕ್ಕೆ ಸಾಕ್ಷಿ ಬೇಕು ಅನ್ನುವುದು ನಮಗೆ ಅಮೆರಿಕ ಕಲಿಸಿದ್ದಲ್ಲ. ನಮ್ಮ ಮದುವೆಯ ನಡುಮಧ್ಯದಲ್ಲೇ ಅದಕ್ಕೊಬ್ಬ ಮನುಷ್ಯ ನಿಂತಿದ್ದಾರೆ. ಐ-130ರ ಜೊತೆ ಸಂಬಂಧವನ್ನು ಬಲ್ಲವರ ಪ್ರಮಾಣಪತ್ರ (ಅಫಿಡವಿಟ್) ಕೊಡಬಹುದು. ನಿಮ್ಮ ಅರುವರಿಗಿಂತ ಚೆನ್ನಾಗಿ ಅದನ್ನು ಯಾರು ಬರೆಯಬಲ್ಲರು? ಅವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ಕಣ್ಣಾರೆ ಕಂಡ ಸಂಗತಿ, ಇವಿಷ್ಟೂ ಅದರಲ್ಲಿರಲಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ರಜೆ ಇಲ್ಲ ಅಂತ ಮೊದಲು ರಿಜಿಸ್ಟರ್ ಮಾಡಿಸಿ, ವೀಸಾ ಕೆಲಸ ಶುರುಮಾಡಿ, ಮದುವೆ ಆಮೇಲೆ ಇಟ್ಟುಕೊಳ್ಳೋಣ ಅನ್ನುವವರಿದ್ದಾರೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಸ್ಪಷ್ಟವಾಗಿ ಹೇಳಿದೆ: ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಪಡೆದರೆ ಅದು ಮದುವೆಯಾಗುವುದಿಲ್ಲ. ಶಾಸ್ತ್ರ ಆಮೇಲೆ ಇಟ್ಟುಕೊಳ್ಳುವುದಾದರೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ. ಆಗದ ಶಾಸ್ತ್ರವನ್ನು ಆಗಿದೆ ಅಂತ ಮಾತ್ರ ಬರೆಸಬೇಡಿ.

ಮದುವೆಯ ದಿನದಷ್ಟೇ ಮುಖ್ಯ ಅದರ ಹಿಂದುಮುಂದಿನ ದಿನಗಳು. 800 ಫೋಟೊ ಯಾರೂ ನೋಡುವುದಿಲ್ಲ. 20 ಸಾಕು, ಆದರೆ ಪ್ರತಿಯೊಂದರಲ್ಲೂ ದಿನಾಂಕ, ಜಾಗ, ಯಾರು ಯಾರು ಇದ್ದಾರೆ ಅನ್ನುವುದಿರಲಿ. ಸುಗ್ಗಿ ಹಬ್ಬವಾದ ಹುತ್ತರಿಗೆ ಹುಡುಗ ಬಂದಿದ್ದರೆ ಒಕ್ಕದ ಮೂಲಮನೆಯಾದ ಐನ್‌ಮನೆಯ ಫೋಟೊ, ಆ ಸಲದ ವಿಮಾನ ಟಿಕೆಟ್, ಪಾಸ್‌ಪೋರ್ಟ್‌ನ ಮುದ್ರೆ, ಮೂರನ್ನೂ ಒಟ್ಟಿಗೆ ಇಡಿ. ತಿಂಗಳಿಗೊಂದೆರಡು ವಾಟ್ಸಾಪ್ ಕರೆಗಳ ದಾಖಲೆ, ಕಳಿಸಿದ ಹಣದ ರಸೀದಿ, ವಿಮೆಯಲ್ಲಿ ನಾಮಿನಿ ಹೆಸರು, ಇವೂ ಇರಲಿ. ಕನ್ನಡದ ಲಗ್ನಪತ್ರಿಕೆಗೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಸರಿಯಿದೆ ಅಂತ ಅನುವಾದಕರು ಸಹಿ ಹಾಕಿರಬೇಕು.

ಹೆಸರಿನ ತೊಡಕು ನಮ್ಮಲ್ಲಿ ಜಾಸ್ತಿ. ಮನೆ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಆಧಾರ್‌ನಲ್ಲಿ ತವರಿನ ಒಕ್ಕ, ಮದುವೆ ಸರ್ಟಿಫಿಕೇಟ್‌ನಲ್ಲಿ ಗಂಡನ ಒಕ್ಕ. ಇದನ್ನು ಸರಿಪಡಿಸುವ ಕೆಲಸವನ್ನು ಸಂದರ್ಶನದ ಹಿಂದಿನ ವಾರಕ್ಕೆ ಬಿಡಬೇಡಿ.

ಸಂದರ್ಶನಕ್ಕೆಂದು ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಇಲ್ಲದ ಸಾಕ್ಷಿ ಹುಟ್ಟಿಸುವ ಏಜೆಂಟರ ಹತ್ತಿರ ಹೋಗಲೇಬೇಡಿ. ವೀಸಾಕ್ಕಾಗಿ ಮಾಡಿದ ಸುಳ್ಳು ಮದುವೆ ಅಂತ ಒಮ್ಮೆ ತೀರ್ಮಾನವಾದರೆ, ಮುಂದೆ ನಿಜವಾದ ಮದುವೆಯಾದರೂ ಆ ವ್ಯಕ್ತಿಯ ಹೆಸರಿನ ಅರ್ಜಿ ಮಂಜೂರಾಗುವುದಿಲ್ಲ.

ಅಮೆರಿಕಕ್ಕೆ ಕಾಲಿಡುವ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು, ಆಗ ಸಾಕ್ಷಿ ಮತ್ತೆ ಬೇಕು. ಆದ್ದರಿಂದ ಕಡತವನ್ನು ಮುಂಬೈಯಲ್ಲೇ ಮುಚ್ಚಿಬಿಡಬೇಡಿ.

ಇನ್ನೂ ಮದುವೆ ಆಗಬೇಕಾದವರಿಗೆ ಒಂದೇ ಕೋರಿಕೆ. ಊಟದ ಗಡಿಬಿಡಿಯಲ್ಲಿ ಫೋಟೊಗ್ರಾಫರ್ ಸಮ್ಮಂದದ ಹೊತ್ತಿಗೆ ಎಲ್ಲೋ ಇರುತ್ತಾರೆ. ಅವರಿಗೆ ಮೊದಲೇ ಹೇಳಿಡಿ, ಅರುವರು ಕಲ್ಲು ಒಪ್ಪಿಸುವಾಗ ಅಲ್ಲೇ ನಿಂತಿರಲಿ.