ಮಕ್ಕಳೆಷ್ಟು, ನೋಡುವ ಕೈಗಳೆಷ್ಟು?

(ತೋಟ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಇಂಗ್ಲೆಂಡಿನ ಒಂದು ಸಂಗತಿ ಹೇಳಲು ನಿಂತಿದ್ದೇವೆ. ಚಹಾ ಎಲೆ ಕೀಳುವ ನಮಗೂ ಆ ದೂರದ ದೇಶಕ್ಕೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ ಹಾಗಾಯಿತು. ಸ್ವಲ್ಪ ತಾಳಿ.

ಮನೆಯಲ್ಲಿ ಹೊಡೆತ, ಹಸಿವು, ಅಲಕ್ಷ್ಯಕ್ಕೆ ಸಿಕ್ಕ ಮಕ್ಕಳನ್ನು ಕಾಯುವ ಹೊಣೆ ಅಲ್ಲಿ ಸ್ಥಳೀಯ ಆಡಳಿತದ್ದು. ನಮಗೆ ಪಂಚಾಯಿತಿ, ಮುನಿಸಿಪಾಲಿಟಿ ಇದ್ದಂತೆ ಅವರಿಗೆ ಕೌನ್ಸಿಲ್. ಅದು ಸಂಬಳ ಕೊಟ್ಟು ಸಮಾಜ ಸೇವಕರನ್ನು ನೇಮಿಸುತ್ತದೆ. ಮನೆಗೆ ಹೋಗಿ ಮಗುವನ್ನು ಕಣ್ಣಾರೆ ಕಂಡು ಮಾತನಾಡಿಸುವುದು ಅವರ ಕೆಲಸ.

ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಹೆಣ್ಣುಮಗು ಆಫ್ರಿಕದ ಐವರಿ ಕೋಸ್ಟಿನಲ್ಲಿ ಹುಟ್ಟಿದವಳು. ಒಳ್ಳೆಯ ಓದು ಕೊಡಿಸುವುದಾಗಿ ಹೆತ್ತವರಿಗೆ ಮಾತು ಕೊಟ್ಟು, ಅಜ್ಜಿ ವರಸೆಯ ಬಂಧುವೊಬ್ಬಳು ಕರೆದುಕೊಂಡು ಹೋದಳು. ಓದಿಸುತ್ತೇವೆ ಎಂದು ಪಟ್ಟಣದ ಮನೆಗಳಿಗೆ ಮಕ್ಕಳನ್ನು ಒಯ್ಯುವುದು ನಮ್ಮ ಪಾಡಿಗಳಿಗೂ ಹೊಸದಲ್ಲವಷ್ಟೆ. 1999ರ ಏಪ್ರಿಲ್‌ನಲ್ಲಿ ಮಗು ಇಂಗ್ಲೆಂಡಿಗೆ ಬಂತು. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ. 2000ದ ಫೆಬ್ರವರಿ 25ರಂದು ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಾಗ ವಯಸ್ಸು ಎಂಟು, ಮೈಮೇಲೆ 128 ಗಾಯಗಳು. ಆ ಬಂಧುವಿಗೂ ಅವಳ ಜೊತೆಗಾರನಿಗೂ 2001ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲ್ಕು ಕೌನ್ಸಿಲುಗಳ ಸಮಾಜ ಸೇವಾ ಇಲಾಖೆ, ಎರಡು ಆಸ್ಪತ್ರೆ, ಪೊಲೀಸರು, ಎಲ್ಲರ ಕಾಗದದಲ್ಲೂ ಆಕೆಯ ಹೆಸರಿತ್ತು. ಮಗುವಿಗೆ ಕಜ್ಜಿ ಇದೆ ಎಂಬ ಹೆದರಿಕೆಗೆ ಒಂದು ಮನೆ ಭೇಟಿಯನ್ನೇ ಕೈಬಿಟ್ಟರು. ಬಂಧು ಕರೆದುಕೊಂಡು ಹೋದ ಸಭೆಯಲ್ಲಿ ಮಗುವಿಗೆ ದೆವ್ವ ಹಿಡಿದಿದೆ ಎಂದು ಪಾಸ್ಟರರು ಭಾವಿಸಿದರು. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ನಾವು ಇದನ್ನು ಓದಿ ತಲೆ ತಗ್ಗಿಸಿದೆವು.

ಲಾರ್ಡ್ ಲಾಮಿಂಗ್ ಎಂಬವರು ವಿಚಾರಣೆ ನಡೆಸಿ 2003ರ ಜನವರಿಯಲ್ಲಿ 108 ಶಿಫಾರಸುಗಳ ವರದಿ ಕೊಟ್ಟರು. ಯೂನಿಯನ್ ಜನ ನಾವು ಕಿವಿ ನಿಮಿರಿಸಿ ಕೇಳಬೇಕಾದ ಮಾತು ಅದರಲ್ಲಿದೆ. ಆ ಮಗುವಿನ ಕೇಸು ಕಡೆಗೆ ಬಿದ್ದದ್ದು ಅನುಭವ ಸಾಲದ ಒಬ್ಬ ಸೇವಕಿಯ ಕೈಗೆ. ಒಬ್ಬರಿಗೆ 12ಕ್ಕಿಂತ ಹೆಚ್ಚು ಕೇಸು ಕೊಡಬಾರದು ಎಂದು ಕಚೇರಿಯ ನಿಯಮ. ಆಕೆಯ ಮೇಜಿನ ಮೇಲೆ 19. ಆಕೆ ಮಗುವನ್ನು ಕಂಡದ್ದು ನಾಲ್ಕು ಸಲ, ಎಲ್ಲಾ ಸೇರಿಸಿದರೂ ಅರ್ಧ ಗಂಟೆ ದಾಟಲಿಲ್ಲ. ಲಾಮಿಂಗರು ಆಕೆಯ ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ದೊಡ್ಡ ತಪ್ಪು ಮೇಲಿನ ಅಧಿಕಾರಿಗಳದ್ದು ಎಂದರು. ಕೊಂಬೆ ಮುರಿದರೆ ಆಳನ್ನು ಬೈಯುವುದು ಸುಲಭ, ಎರಡಾಳಿನ ಸಾಲು ಒಬ್ಬಳಿಗೆ ಬರೆದ ಮೇಸ್ತ್ರಿಯನ್ನು ಯಾರು ಕೇಳುತ್ತಾರೆ?

2004ರಲ್ಲಿ ಹೊಸ ಕಾನೂನು ಬಂತು. ಪ್ರತಿ ಕೌನ್ಸಿಲಿನಲ್ಲೂ ಮಕ್ಕಳಿಗೆಂದೇ ಒಬ್ಬ ನಿರ್ದೇಶಕರು ಉತ್ತರ ಹೇಳಬೇಕಾಯಿತು. ಜೊತೆಗೆ ಫಾರಂಗಳೂ ಹೆಚ್ಚಿದವು. ಸೇವಕರ ಹೊತ್ತೆಲ್ಲ ಬರವಣಿಗೆಗೇ ಹೋಗುತ್ತಿದೆ, ಮಗುವಿನ ಬಳಿ ಕೂರಲು ಬಿಡಿ ಎಂದು 2011ರಲ್ಲಿ ಐಲೀನ್ ಮನ್ರೋ ಎಂಬ ಪ್ರಾಧ್ಯಾಪಕಿ ಸರ್ಕಾರಕ್ಕೆ ಹೇಳಬೇಕಾಯಿತು.

ಇನ್ನೊಂದು ತೊಡಕು, ಆಳುಗಳು ನಿಲ್ಲದಿರುವುದು. 2023ರಲ್ಲಿ ಸುಮಾರು ಆರರಲ್ಲಿ ಒಬ್ಬರು ಏಜೆನ್ಸಿ ಮೂಲಕ ಬಂದವರು. ನಮ್ಮ ಕಂಟ್ರಾಕ್ಟ್ ಆಳಿಗೆ ಕೂಲಿ ಕಡಿಮೆ, ಅಲ್ಲಿ ಉಲ್ಟಾ: ಏಜೆನ್ಸಿಯವರಿಗೇ ಹೆಚ್ಚು, ಹಾಗಾಗಿ ಕಾಯಂ ಕೆಲಸ ಬಿಟ್ಟು ಹೋಗುತ್ತಾರೆ. ಮಗುವಿಗೋ ಮತ್ತೆ ಮತ್ತೆ ಹೊಸ ಮುಖ. ತನ್ನ ನೋವಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕು. ಎಷ್ಟು ಸಲ ಹೇಳೀತು? ಕಡೆಗೆ ಬಾಯಿ ಮುಚ್ಚುತ್ತದೆ. 2024ರ ಅಕ್ಟೋಬರ್ ಕೊನೆಯಿಂದ ಸರ್ಕಾರ ಇದಕ್ಕೆ ಕಡಿವಾಣ ಹಾಕತೊಡಗಿತು.

ಸುಧಾರಿಸಿದ ಊರೂ ಇದೆ. ಲೀಡ್ಸ್ ನಗರದ ಮಕ್ಕಳ ಸೇವೆ ಒಂದು ಕಾಲದಲ್ಲಿ ತಪಾಸಣೆಯಲ್ಲಿ ಫೇಲಾಗಿತ್ತು. 2015ಕ್ಕೆ ಅದೇ ತಪಾಸಣೆಯವರು ಚೆನ್ನಾಗಿದೆ ಎಂದರು. 2018ಕ್ಕೆ ಅತ್ಯುತ್ತಮ ಎಂದರು. ಅವರು ಹಿಡಿದ ದಾರಿಗಳಲ್ಲಿ ನಮಗೆ ಮೆಚ್ಚಿಗೆಯಾದದ್ದು ಒಂದು. ಮಗುವನ್ನು ಮನೆಯಿಂದ ಬೇರೆ ಮಾಡುವ ಮುಂಚೆ ಅಜ್ಜಿ, ಚಿಕ್ಕಪ್ಪ, ಸೋದರಮಾವ, ಅಕ್ಕಪಕ್ಕದ ಹಿತವರನ್ನು ಕೂಡಿಸಿ, ನೀವೇ ಒಂದು ದಾರಿ ಹೇಳಿ ಎಂದು ಕೇಳುತ್ತಾರೆ. ಇದು ನ್ಯೂಜಿಲೆಂಡಿನ ಮಾವೊರಿ ಜನರ ಪದ್ಧತಿಯಿಂದ ಬಂದದ್ದು. ಆ ದೇಶ 1989ರಲ್ಲೇ ಕಾನೂನು ಮಾಡಿತ್ತು. ಹಿರಿಯರು ಜಗಲಿಯಲ್ಲಿ ಕೂತು ಮಾತು ಮುಗಿಸುವುದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ.

ಈಗ ಹಿಂದಿನ ಸಾಲಿನವರ ಪ್ರಶ್ನೆಗೆ ಬರುತ್ತೇವೆ. 50 ಹೆಂಗಸರು ದುಡಿಯುವ ತೋಟದಲ್ಲಿ ಕೂಸುಗಳಿಗೆ ಕ್ರೆಷ್ ಇರಬೇಕು, ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಮಕ್ಕಳ ಪಾಲನೆಯಲ್ಲಿ ತರಬೇತಿ ಆಗಿರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಬರೆದಿತ್ತು. ಬೋನಸ್ಸಿನ ಲೆಕ್ಕವನ್ನು ಪೈಸೆ ಬಿಡದೆ ಕೇಳುವ ನಾವು ಆಯಾಳ ಲೆಕ್ಕವನ್ನು ಎಷ್ಟು ಸಲ ಕೇಳಿದ್ದೇವೆ? ಕೂಸು ಬಿದ್ದು ಹಣೆ ಒಡೆದರೆ ಆಯಾಳ ಮೇಲೆ ಹರಿಹಾಯುತ್ತೇವೆ. ಆ ಹೊತ್ತು ಅವಳ ಮಡಿಲಲ್ಲಿ ಎಷ್ಟು ಕೂಸುಗಳಿದ್ದವು, ಹಾಲು ಕಾಯಿಸಲು ಎದ್ದಾಗ ನೋಡುವವರು ಯಾರಿದ್ದರು ಎಂದು ವಿಚಾರಿಸುವುದಿಲ್ಲ.

ಮುಂದಿನ ಕೂಟಕ್ಕೆ ಪ್ರತಿ ಪಾಡಿಯಿಂದ ಒಬ್ಬ ತಾಯಿ ಒಂದು ಚೀಟಿ ತನ್ನಿ. ಕ್ರೆಷ್‌ನಲ್ಲಿ ಕೂಸುಗಳೆಷ್ಟು, ಆಯಾಗಳೆಷ್ಟು, ತರಬೇತಿ ಆಗಿದೆಯೋ, ಆಯಾ ರಜೆ ಹಾಕಿದ ದಿನ ಯಾರು ನೋಡಿಕೊಂಡರು, ಇಷ್ಟೇ ಬರೆದರೆ ಸಾಕು. ಬರೆಯಲು ಬಾರದವರು ಬಂದು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಆ ಚೀಟಿಗಳನ್ನು ಹಿಡಿದೇ ಮ್ಯಾನೇಜರ ಬಳಿಗೆ ಹೋಗೋಣ.