ನೀರಿನ ದಾರಿ ಮೊದಲು, ಗಾರೆ ಆಮೇಲೆ



ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಹೊಸೂರು, ತಳಿ, ದೇಂಕಣಿಕೋಟೆ, ಶೂಲಗಿರಿ ಕಡೆಯ ಹಳ್ಳಿಗಳಲ್ಲಿ ಮನೆಗೆ ಸುಣ್ಣ ಬಳಿಯುವ ಕೆಲಸ ಶುರುವಾಗುತ್ತದೆ. ನಾವು ಸಂಕ್ರಾಂತಿ ಎನ್ನುತ್ತೇವೆ, ಪಕ್ಕದ ಮನೆಯವರು ಪೊಂಗಲ್ ಎನ್ನುತ್ತಾರೆ. ಸುಣ್ಣದ ಬಕೀಟು ಮಾತ್ರ ಎರಡೂ ಮನೆಗೆ ಒಂದೇ. ವರ್ಷಕ್ಕೊಮ್ಮೆ ನಾವು ನಮ್ಮ ಗೋಡೆಯನ್ನು ಹತ್ತಿರ ನಿಂತು ನೋಡುವುದು ಆಗಲೇ. ಬುಡದಲ್ಲಿ ಗಾರೆ ಉಬ್ಬಿರುತ್ತದೆ. ಬೆರಳಿಟ್ಟರೆ ಪುಡಿಪುಡಿಯಾಗಿ ಉದುರುತ್ತದೆ. ಒಳಗಿನ ಇಟ್ಟಿಗೆಯ ಮೇಲೆ ಬಿಳಿಯ ಉಪ್ಪು ಹೂ ಬಿಟ್ಟಿರುತ್ತದೆ. ಆಗ ನಾವು ಮಾಡುವುದೇನು? ಒಂದೆರಡು ಮೂಟೆ ಸಿಮೆಂಟು ತರಿಸಿ, ಮೇಸ್ತ್ರಿಯನ್ನು ಕರೆಸಿ, ಮೂರಡಿ ಎತ್ತರಕ್ಕೆ ಗಟ್ಟಿಯಾಗಿ ಮೆತ್ತಿಸಿಬಿಡುತ್ತೇವೆ. ಹಬ್ಬ ಕಳೆಯುತ್ತದೆ. ಇದರಿಂದ ಗೋಡೆಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಮೊದಲು ಹೇಳುತ್ತೇನೆ. ತಾತನ ಕಾಲದ ಮನೆ. ಕಲ್ಲಿನ ತಳಪಾಯ, ಮಣ್ಣಿನಲ್ಲಿ ಕಟ್ಟಿದ ನಾಟಿ ಇಟ್ಟಿಗೆಯ ಗೋಡೆ, ಮೇಲೆ ಸುಣ್ಣದ ಗಾರೆ, ಹೆಂಚಿನ ಸೂರು. ಬುಡದಲ್ಲಿ ತೇವ ಕಂಡಿತೆಂದು ಒಂದಕ್ಕೆ ಮೂರರ ಸಿಮೆಂಟು ಗಾರೆ ಮೆತ್ತಿಸಿ, ಅದರ ಮೇಲೆ ಎಣ್ಣೆ ಬಣ್ಣವನ್ನೂ ಹೊಡೆಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಸಿಮೆಂಟಿನ ಪಟ್ಟಿಯನ್ನು ದಾಟಿ, ದೇವರ ಪಟಗಳಿದ್ದ ಎತ್ತರಕ್ಕೆ ಏರಿತ್ತು. ಮೂಲೆಯಲ್ಲಿ ಗಾರೆ ಹಲಗೆಯ ಹಾಗೆ ಕಳಚಿ ಬಿತ್ತು. ಅದರ ಹಿಂದೆ ಇದ್ದ ಇಟ್ಟಿಗೆ ರವೆಯಂತಾಗಿತ್ತು. ಮನೆ ಕೆಡವಿ ಹೊಸದು ಕಟ್ಟುವುದೆಂದು ಸಾಲದ ಲೆಕ್ಕವನ್ನೂ ಹಾಕಿದೆವು. ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿಯವರು ಬಂದು, ಗೋಡೆಯನ್ನು ಮುಟ್ಟದೆ, ಮನೆಯ ಸುತ್ತ ಎರಡು ಸಲ ನಡೆದರು. “ಈ ಗೋಡೆಗೆ ನೀರು ಎಲ್ಲಿಂದ ಬರ್ತದೆ, ಮೊದಲು ಅದನ್ನ ಹೇಳಿ ಸಾಮಿ. ಆಮೇಲೆ ಕರಣೆ ಹಿಡಿತೀನಿ” ಎಂದರು. ಆ ಮನೆ ಇಂದಿಗೂ ನಿಂತಿದೆ.

ಇಟ್ಟಿಗೆ ನೀರು ಕುಡಿಯುವ ವಸ್ತು. ತಮಿಳಿನಲ್ಲಿ ಅದನ್ನು ಸೆಂಗಲ್, ಅಂದರೆ ಕೆಂಪು ಕಲ್ಲು ಎನ್ನುತ್ತಾರೆ. ಆದರೆ ನಮ್ಮ ಕೃಷ್ಣಗಿರಿಯ ಗ್ರಾನೈಟು ಕಲ್ಲಿಗೂ ಈ ಕೆಂಪು ಕಲ್ಲಿಗೂ ಬಹಳ ವ್ಯತ್ಯಾಸವಿದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರಿನ ಜೊತೆಗೆ ಮಣ್ಣಿನ ಉಪ್ಪೂ ಬರುತ್ತದೆ. ನೀರು ಗಾಳಿಗೆ ಆರಿಹೋಗುತ್ತದೆ, ಉಪ್ಪು ಉಳಿದು ಹರಳುಗಟ್ಟುತ್ತದೆ. ಆ ಹರಳು ಬೆಳೆಯುವಾಗ ಇಟ್ಟಿಗೆಯ ಮೈಯನ್ನೇ ಒಡೆಯುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಗೆ ಬಿಡುತ್ತದೆ. ಉಪ್ಪು ಗಾರೆಯಲ್ಲಿ ಕಟ್ಟಿಕೊಂಡು ಗಾರೆ ಉದುರುತ್ತದೆ, ಇಟ್ಟಿಗೆ ಉಳಿಯುತ್ತದೆ. ಗಟ್ಟಿ ಸಿಮೆಂಟು ಮೆತ್ತಿದರೆ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ಅದು ಸಿಮೆಂಟಿನ ಹಿಂದೆಯೇ ಮೇಲಕ್ಕೆ ಏರುತ್ತದೆ, ಗಾರೆಯ ಬದಲು ಇಟ್ಟಿಗೆ ಸವೆಯುತ್ತದೆ. ಗಾರೆಯನ್ನು ಮತ್ತೆ ಮೆತ್ತಬಹುದು, ಸವೆದ ಇಟ್ಟಿಗೆಯನ್ನು ಮತ್ತೆ ತುಂಬಲಾಗದು.

ಆದ್ದರಿಂದ ಮೊದಲ ಕೆಲಸ, ನೀರಿನ ದಾರಿ ಹುಡುಕುವುದು. ಒಂದು ಮಳೆಯ ದಿನ ಕೊಡೆ ಹಿಡಿದು ಮನೆಯ ಸುತ್ತ ನಡೆಯಿರಿ. ಸೂರಿನ ನೀರು ಎಲ್ಲಿ ಬೀಳುತ್ತದೆ? ಗೋಡೆಯ ಬುಡಕ್ಕೇ ಎರಚುತ್ತದೆಯೇ? ಒಡೆದ ಹೆಂಚಿನಿಂದ ಗೋಡೆಯ ತಲೆಗೆ ಸೋರುತ್ತದೆಯೇ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಬಚ್ಚಲ ನೀರಿಗೆಂದು ಗೋಡೆಗೆ ಒರಗಿಸಿ ಬಾಳೆ ನೆಟ್ಟಿದ್ದೀರಾ? ಗೋಡೆಯ ಬುಡದಲ್ಲಿ ಕನಕಾಂಬರದ ಪಾತಿ ಮಾಡಿ ದಿನವೂ ನೀರು ಹಾಕುತ್ತೀರಾ? ಇನ್ನೊಂದು ಸಂಗತಿ ಈಚಿನದು. ಬೀದಿಗೆ ಒಂದರ ಮೇಲೊಂದು ಕಾಂಕ್ರೀಟು ಹಾಕಿ ಹಾಕಿ, ಎಷ್ಟೋ ಹಳೆಯ ಮನೆಗಳ ಜಗುಲಿಗಿಂತ ಬೀದಿಯೇ ಎತ್ತರವಾಗಿದೆ. ಬೀದಿಯ ನೀರು ಗೋಡೆಗೆ ನಿಲ್ಲುತ್ತದೆ. ಗೋಡೆಯ ಬುಡಕ್ಕೆ ಕೂಡಿದ ಮಣ್ಣನ್ನು ತೆಗೆಯಿರಿ. ಗೋಡೆಯಿಂದ ಆಚೆಗೆ ಇಳಿಜಾರಾಗಿ ಒಂದು ಕಾಲುವೆ ಮಾಡಿ. ಬಚ್ಚಲ ನೀರನ್ನು ಕೊಳವೆಯಲ್ಲಿ ದೂರಕ್ಕೆ ಸಾಗಿಸಿ. ಈ ಕೆಲಸಕ್ಕೆ ಸಿಮೆಂಟಿನಷ್ಟು ಹಣ ಬೇಕಿಲ್ಲ, ಗುದ್ದಲಿ ಸಾಕು.

ಎರಡನೆಯ ಕೆಲಸ, ಕಾಯುವುದು. ಕಳಚಿದ ಗಾರೆಯನ್ನು ಕೆರೆದು, ಇಟ್ಟಿಗೆಯನ್ನು ಗಾಳಿಗೆ ಬಿಡಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ, ಮೊರದಲ್ಲಿ ಹಿಡಿದು ದೂರ ಚೆಲ್ಲಿ. ನೀರು ಹಾಕಿ ತೊಳೆಯಬೇಡಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ನಮ್ಮ ಕಡೆ ಸೆಪ್ಟೆಂಬರು, ಅಕ್ಟೋಬರಿನಲ್ಲಿ ಮಳೆ ಜೋರು. ಅದು ನಿಂತ ಮೇಲೆ ಗೋಡೆಯನ್ನು ಆರಲು ಬಿಟ್ಟು, ಜನವರಿಯಿಂದ ಮಾರ್ಚಿಯವರೆಗೆ ಕೆಲಸ ಹಿಡಿದರೆ ಅನುಕೂಲ. ಹಬ್ಬಕ್ಕೆ ಗೋಡೆ ಬೋಳಾಗಿ ಕಂಡರೆ ಕಾಣಲಿ, ನಾಚಿಕೆಪಡಬೇಕಾದ್ದಿಲ್ಲ.

ಮೂರನೆಯದು ಗಾರೆ. ಇದಕ್ಕೆ ಒಂದೇ ಸೂತ್ರ: ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು. ಹಳೆಯ ಗೋಡೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವದ ಜಾಗವಾದರೆ ಮರಳಿನಲ್ಲಿ ಸ್ವಲ್ಪ ಭಾಗವನ್ನು ಬಿಟ್ಟು, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಸೇರಿಸಬೇಕು. ಬರಿಯ ಸುಣ್ಣದ ಕೆಲಸ ಬಲ್ಲವರು ಸಿಗದಿದ್ದರೆ ಸಿಮೆಂಟು 1, ಸುಣ್ಣ 1, ಮರಳು 6 ಎಂಬ ಮಿಶ್ರಣವಿದೆ. ಇಟ್ಟಿಗೆ ತೀರ ಮೆತ್ತಗಿದ್ದರೆ 1, 2, 9. ನಿಮ್ಮದು ಸಿಮೆಂಟಿನಲ್ಲೇ ಕಟ್ಟಿದ ಈಚಿನ ಮನೆಯಾದರೆ ಒಂದಕ್ಕೆ ಆರರ ಸಿಮೆಂಟು ಗಾರೆ ಸಾಕು. ಅಲ್ಲಿಯೂ ಹೆಚ್ಚು ಸಿಮೆಂಟು ಹಾಕಿದರೆ ಹೆಚ್ಚು ಗಟ್ಟಿ ಎಂಬ ಭ್ರಮೆ ಬೇಡ, ಸೀಳು ಬಿಡುತ್ತದೆ. ಚೌಳು ಮರಳು ಬೇಡ, ಉಪ್ಪಾದ ಬೋರ್ ನೀರೂ ಬೇಡ. ಕುಡಿಯಲು ಆಗುವ ನೀರನ್ನೇ ಕಲಸಲು ಬಳಸಿ.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಸುಟ್ಟ ಸುಣ್ಣದ ಕಲ್ಲನ್ನು ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ರಾಶಿಗೆ ನೀರು ಸುರಿಯಬಾರದು. ಪ್ಲಾಸ್ಟಿಕ್ ಬಕೀಟು ಬೇಡ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ತಣ್ಣೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ಇಟ್ಟಿಗೆಗಳ ನಡುವಿನ ಸಂದು ಸವೆದಿದ್ದರೆ ಗೋಡೆಯನ್ನೆಲ್ಲ ಮೆತ್ತಬೇಕಾಗಿಲ್ಲ, ಸಂದು ತುಂಬಿದರೆ ಸಾಕು. ಕೇರಳದಲ್ಲಿ ನೆಲೆಸಿ ಸಾವಿರಾರು ಜನರಿಗೆ ಮನೆ ಕಟ್ಟುವ ದಾರಿ ತೋರಿದ ಲಾರಿ ಬೇಕರ್ (1917–2007) ಅವರು ಒಳ್ಳೆಯ ಇಟ್ಟಿಗೆಯ ಗೋಡೆಗೆ ಗಾರೆಯ ಹೊದಿಕೆಯೇ ಬೇಕಿಲ್ಲವೆಂದು ಕಟ್ಟಿ ತೋರಿಸಿದರು. ಸಂದಿನ ಸಡಿಲ ಗಾರೆಯನ್ನು ಸುಮಾರು 2 ಸೆಂಟಿಮೀಟರು ಆಳ ಕೆರೆದು ತೆಗೆಯಿರಿ. ಕೆರೆಯಲು ಯಂತ್ರ ಬೇಡ. ಇಟ್ಟಿಗೆಯ ಅಂಚು ಹಾರಿಹೋಗುತ್ತದೆ. ಧೂಳು ಗುಡಿಸಿ, ಸಂದಿಗೆ ನೀರು ಚಿಮುಕಿಸಿ, ಹೊಸ ಗಾರೆಯನ್ನು ಒತ್ತಿ ಒತ್ತಿ ತುಂಬಿ. ಆಮೇಲೆ ಒದ್ದೆ ಗೋಣಿ ಇಳಿಬಿಟ್ಟು ಬಿಸಿಲಿನಿಂದ ಕಾಪಾಡಬೇಕು. ಸಿಮೆಂಟು ಬೆರೆತಿದ್ದರೆ ಕಡೆಯ ಪಕ್ಷ 7 ದಿನ ನೀರುಣಿಸಬೇಕು. ಸುಣ್ಣ ಗಾಳಿಯಿಂದ ಗಟ್ಟಿಯಾಗುವುದರಿಂದ ಅದಕ್ಕೆ ಅವಸರ ಸಲ್ಲದು.

ತೀರ ಹಾಳಾದ ಇಟ್ಟಿಗೆಯನ್ನು ಬದಲಿಸುವುದಾದರೆ ಒಂದೊಂದಾಗಿ ತೆಗೆದು, ಒಂದನ್ನು ಕೂರಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಇಟ್ಟಿಗೆ ಮಾಲೂರಿನದಾಗಲಿ, ನಮ್ಮೂರ ಗೂಡಿನದಾಗಲಿ, ಪರೀಕ್ಷೆ ಸುಲಭ. ಎರಡನ್ನು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಒಂದು ದಿನವೆಲ್ಲ ನೀರಿನಲ್ಲಿ ನೆನೆಸಿದರೆ ತೂಕ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಬಾರದು. ಅಂದರೆ 3 ಕಿಲೋದ ಇಟ್ಟಿಗೆ 3.6 ಕಿಲೋ ದಾಟಬಾರದು. ಕೂರಿಸುವ ಮುಂಚೆ ಇಟ್ಟಿಗೆಯನ್ನು ನೆನೆಸುವುದನ್ನು ಮರೆಯಬೇಡಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಹಿಡಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಗೋಡೆಯ ಅಂದಕ್ಕಾಗಿ ಮಾತ್ರವಲ್ಲ, ಅದರ ಕೆಳಗೆ ಮಲಗುವವರಿಗಾಗಿ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ನೂರು ವರ್ಷ ದಾಟಿದ ಕಟ್ಟಡಗಳು, ಎರಡೂ ಬಿದ್ದದ್ದು ಮಳೆಗಾಲದಲ್ಲಿ. ದೊಡ್ಡ ಕಟ್ಟಡ ಬಿದ್ದರೆ ಪತ್ರಿಕೆಯಲ್ಲಿ ಬರುತ್ತದೆ. ಹಳ್ಳಿಯ ಗೋಡೆ ರಾತ್ರಿ ಬಿದ್ದರೆ ಆ ಮನೆಯವರಿಗಷ್ಟೇ ಗೊತ್ತು. ಆದ್ದರಿಂದ ಸೀಳನ್ನು ಗಮನಿಸಿ. ಗಾರೆಯ ಮೇಲೆ ಕೂದಲೆಳೆಯಂತಹ ಸೀಳಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಏರುವ ಸೀಳು, ಎರಡು ಗೋಡೆ ಕೂಡುವ ಮೂಲೆಯಲ್ಲಿ ಬಿಡುವ ಸೀಳು, ಇವು ತಳಪಾಯ ಅಲುಗಿದ ಗುರುತು ಇರಬಹುದು. ಸೀಳಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಸೀಳಿಗೆ ಅಡ್ಡಲಾಗಿ ತೆಳುವಾದ ಗಾಜಿನ ಚೂರೊಂದನ್ನು ಗಾರೆಯಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದೇ ಅರ್ಥ. ಆಗ ಗಾರೆ ತುಂಬಿ ಮುಚ್ಚದೆ ಎಂಜಿನಿಯರನ್ನು ಕರೆಸಿ. ಗೋಡೆ ಹೊಟ್ಟೆ ಬಿಟ್ಟಂತೆ ಕಂಡರೆ, ತೂಗುಗುಂಡಿಗೆ ಓರೆಯಾಗಿ ಕಂಡರೆ, ಅಂದೇ ಅಜ್ಜಿಯ ಮಂಚವನ್ನೂ ಮಗುವಿನ ತೊಟ್ಟಿಲನ್ನೂ ಅಲ್ಲಿಂದ ತೆಗೆಯಿರಿ. ಮಿಕ್ಕ ಕೆಲಸ ಆಮೇಲೆ.

ಗೋಡೆಯಲ್ಲಿ ಅರಳಿ ಗಿಡ ಮೊಳೆತರೆ ಎರಡೆಲೆಯಲ್ಲೇ ಬೇರುಸಹಿತ ಕೀಳಬೇಕು. ಬೇರು ದಪ್ಪವಾದ ಮೇಲೆ ಜಗ್ಗಿ ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಆಗ ಕಡಿದು, ಬೇರು ಸತ್ತ ಮೇಲೆ ಸಂದು ತುಂಬಬೇಕು.

ನಮ್ಮ ಹಿರಿಯರು ಇದನ್ನೆಲ್ಲ ಬಲ್ಲವರಾಗಿದ್ದರು. ದೇವಸ್ಥಾನದ ಗೋಪುರಗಳನ್ನು ನೋಡಿ. ಅನೇಕ ಕಡೆ ಕೆಳಗೆ ಕಲ್ಲು, ಮೇಲೆಲ್ಲ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಅವು ಶತಮಾನಗಳು ನಿಂತದ್ದು ದೇವರ ದಯೆಯಿಂದ ಮಾತ್ರವಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕ ಮಾಡಬೇಕೆಂಬ ಕಟ್ಟಳೆ ಇದೆಯಲ್ಲ, ಅದಕ್ಕೆ ಮೊದಲು ಸಾರವೆ ಕಟ್ಟಿ, ಗಿಡ ಕಿತ್ತು, ಸೀಳು ತುಂಬಿ, ಗೋಪುರವನ್ನು ಸರಿಪಡಿಸಲೇಬೇಕು. ದುರಸ್ತಿಯನ್ನು ಮರೆಯದಿರಲೆಂದು ಅದನ್ನು ಹಬ್ಬಕ್ಕೆ ಕಟ್ಟಿಹಾಕಿದರು. ಮನೆಗೂ ನಮಗೆ ಅಂತಹ ಹಬ್ಬವಿದೆ, ವರ್ಷಕ್ಕೊಮ್ಮೆ ಬರುತ್ತದೆ. ಈ ಸಲ ಸುಣ್ಣದ ಬಕೀಟು ಹಿಡಿಯುವ ಮುಂಚೆ ಮನೆಯ ಸುತ್ತ ಒಮ್ಮೆ ನಡೆದು ಬನ್ನಿ. ನಿಮ್ಮ ಮೇಸ್ತ್ರಿಯವರು ಕನ್ನಡದವರಾಗಲಿ, ತಮಿಳಿನ ಕೊತ್ತನಾರ್ ಆಗಲಿ, ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಎಷ್ಟು ಮೂಟೆ ಸಿಮೆಂಟು ಎಂದಲ್ಲ, ನೀರು ಎಲ್ಲಿಂದ ಬರುತ್ತಿದೆ ಎಂದು.